ಗೌರಕ್ಕನ ಪಾಲಿನ ಪತ್ರಿ ಗಿಡ

ಕುಬಿಹಾಳದ ಗೌರಕ್ಕ ಎಮ್ಮೆ ಮಾರಿ ಬಂದ ಮುನ್ನೂರು ರೂಪಾಯಿಯನ್ನು ಮಠದ ‘ಪತ್ರಿವನ ನಿಧಿ’ಗೆ ಕಟ್ಟಿದ್ದು ೧೯೭೩ರಲ್ಲಿ. ಬಿಲ್ವದ ಗಿಡ ಬೆಳೆಸಿದರೆ ಶಿವನಿಗೆ ಪೂಜೆ, ನೆಲಕ್ಕೆ ನೆರಳು, ಭಕ್ತರಿಗೆ ನೂರಕ್ಕೆ ಹನ್ನೆರಡು ಎಂದು ಮಠದ ಕಮಿಟಿಯ ಅಧ್ಯಕ್ಷ ಕುಬೇರಪ್ಪನವರು ಹೇಳಿದ್ದರು. ವರ್ಷವರ್ಷವೂ ಬಡ್ಡಿ, ಜೊತೆಗೊಂದು ವಿಭೂತಿ ಉಂಡೆ ತಪ್ಪದೆ ಬರುತ್ತಿದ್ದವು. ಬಾರದ್ದು ಪತ್ರಿ ಒಂದೇ.

ವನ ಎಲ್ಲಿದೆಯೆಂದು ಕೇಳಿದರೆ ಕುಬೇರಪ್ಪನವರು ಪಡುವಣಕ್ಕೆ ಕೈ ತೋರಿಸುತ್ತಿದ್ದರು. “ಅಳ್ನಾವರದಾಗ ಐತಿ. ಅಲ್ಲಿ ಮಳಿ ಚಲೋ.”

ಮೂರನೆಯ ಶ್ರಾವಣದಲ್ಲಿ ಗೌರಕ್ಕ ತನ್ನ ಪಾಲಿನ ಗಿಡಕ್ಕೆ ಹಾಕಿ ಬರಲೆಂದು ಊರ ಕೆರೆಯ ನೀರನ್ನು ತಂಬಿಗೆಯಲ್ಲಿ ಹಿಡಿದು ಕುಂದಗೋಳದಲ್ಲಿ ರೈಲು ಹತ್ತಿದಳು. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ ಅಳ್ನಾವರದಲ್ಲಿ ಇಳಿದು, ಮಠ ಕೊಟ್ಟಿದ್ದ ಪಾವತಿಯ ಹಿಂದಿದ್ದ ವಿಳಾಸ ತೋರಿಸುತ್ತ ಹೋದವಳಿಗೆ ಸಿಕ್ಕಿದ್ದು ‘ಶ್ರೀ ಬಿಲ್ವೇಶ್ವರ ಸಾ ಮಿಲ್’. ಅಂಗಳದ ತುಂಬ ಸಾಗವಾನಿ, ಮತ್ತಿಯ ದಿಮ್ಮಿಗಳು.

“ಕುಬಿಹಾಳ ಮಠದ ಗಿಡ ಎಲ್ಲದಾವಪಾ?” ಎಂದು ಅಲ್ಲಿನ ಮೇಸ್ತ್ರಿ ಬಾಬಾಸಾಬನನ್ನು ಕೇಳಿದಳು.

“ಮಠದ್ದು ಗಿಡ ಇಲ್ಲಬೇ ಯವ್ವಾ, ಮಿಲ್ಲಿನ್ಯಾಗ ಬಡ್ಡಿಗೆ ಹಾಕಿದ ರೊಕ್ಕ ಐತಿ. ನಾವು ಗಿಡ ಹಚ್ಚಂಗಿಲ್ಲ, ಕೊಯ್ತೀವಿ.”

ಅವನು ಚಹಾ ತರಿಸಿಕೊಟ್ಟ. ಅವಳು ಮುಟ್ಟಲಿಲ್ಲ. ಇಲ್ಲಿಯವರೆಗೆ ಉಂಡ ಬಡ್ಡಿ ನೆನೆದು ಅವಳ ಮೈ ಹಿಡಿಯಾಯಿತು. ತಂದ ನೀರನ್ನು ಏನು ಮಾಡಬೇಕೆಂದು ತಿಳಿಯದೆ ಒಂದು ದಿಮ್ಮಿಯ ಮೇಲೆ ಸುರಿದು ಬಂದಳು.

ಮುಂದಿನ ಸೋಮವಾರ ಮಠದ ಸಭೆಯಲ್ಲಿ ಎದ್ದು ನಿಂತು ಕಂಡದ್ದನ್ನೆಲ್ಲ ಹೇಳಿದಳು. ಕುಬೇರಪ್ಪನವರು ವಿಚಲಿತರಾಗಲಿಲ್ಲ.

“ಹಳೇ ಗಿಡ ಹೋದ್ರನ ಹೊಸಾವಕ್ಕ ಜಾಗಾ ಆಕ್ಕೈತಿ, ಗೌರಕ್ಕಾ. ಇದೂ ಶಿವನ ಕೆಲಸನ.”

“ಹಂಗಾರ ನಿಮಗೂ ಎಪ್ಪತ್ತಾತಲ್ರಿ. ಜಾಗಾ ಬಿಡ್ರಿ.”

ಸಭೆ ನಕ್ಕಿತು. ಗೌರಕ್ಕ ಅಸಲು ಕೇಳಿದಳು. ವನ ಬೆಳೆದ ಮೇಲಷ್ಟೇ ಅಸಲು ವಾಪಸ್ಸೆಂಬ ನಿಯಮವನ್ನು ಅಧ್ಯಕ್ಷರು ಓದಿ ಹೇಳಿದರು.

“ಬೆಳಸ್ರಿ ಮತ್ತ,” ಎಂದವಳು ಮಠದ ಬಾಗಿಲಲ್ಲಿ ಕುಳಿತುಬಿಟ್ಟಳು.

ಮೂರನೆಯ ದಿನ ಕಮಿಟಿಯವರು ದನ ಮೇಯುವ ಗಾಯರಾಣದಲ್ಲಿ ಇಪ್ಪತ್ತೊಂದು ಸಸಿ ಹಚ್ಚಿ, ಫೋಟೋ ತೆಗೆಸಿಕೊಂಡು, ಪ್ರಕೃತಿಯ ಬಗ್ಗೆ ಸಂಜೆಯವರೆಗೆ ಭಾಷಣ ಮಾಡಿದರು. ನೀರು ಹಾಕುವ ಮಾತು ಠರಾವಿನಲ್ಲಿ ಇರಲಿಲ್ಲವಾದ್ದರಿಂದ ಯಾರೂ ಹಾಕಲಿಲ್ಲ. ಗೌರಕ್ಕನೇ ಜಾಲಿ ಮುಳ್ಳಿನ ಬೇಲಿ ಕಟ್ಟಿ, ಕೆರೆಯಿಂದ ಕೊಡ ಹೊತ್ತಳು. ಒಂಬತ್ತು ಉಳಿದವು. ಅತ್ತ ಮಿಲ್ಲಿನ ಬಡ್ಡಿ ಹದಿನೈದಕ್ಕೆ ಏರಿತು. ಕಾಡು ಹಾಳಾಯಿತೆಂದು ಸಭೆಯಲ್ಲಿ ಕಣ್ಣೀರು ಹಾಕಿದ್ದ ರೇವವ್ವ ಇನ್ನೂ ನೂರು ಕಟ್ಟಿದಳು.

ಗಿಡಗಳು ತಲೆಯೆತ್ತರ ದಾಟಿದ ವರ್ಷ ಗೌರಕ್ಕ ಅಸಲು ಕೇಳಲು ಪಾವತಿ ಹಿಡಿದು ಮಠಕ್ಕೆ ಹೋದಳು. ಒಂಬತ್ತು ಗಿಡಕ್ಕೆ ವನವೆನ್ನಬಹುದೇ ಎಂದು ನೋಡಲು ಉಪಸಮಿತಿಯಾಯಿತು. ಅದು ಅರ್ಧ ವನವೆಂದು ತೀರ್ಮಾನಿಸಿ ನೂರೈವತ್ತು ಕೊಟ್ಟಿತು. ಆ ದುಡ್ಡಿಗೂ ಅವಳು ಸಸಿಯನ್ನೇ ತಂದಳು. ವಾರ್ಷಿಕ ವರದಿಯಲ್ಲಿ ಕಮಿಟಿ ಬೆಳೆಸಿದ ಗಿಡಗಳ ಲೆಕ್ಕಕ್ಕೆ ಅವೂ ಸೇರಿಕೊಂಡವು.