ಟವಲಿನ ಗಾಳ, ಮಾದೇವನ ಹೆಬ್ಬೆರಳು

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಮೀನು ಹಿಡಿಯಲು ಹೋಗಿಬಂದದ್ದಕ್ಕೆ ಇಬ್ಬರಿಗೂ ಸೇರಿ ಆರುನೂರು ರೂಪಾಯಿ ಆಯಿತು. ಗಾಳ ಇಡುವ ಮುಚ್ಚಳದ ಡಬ್ಬಿಗೆ ಮೂವತ್ತು ಕೊಟ್ಟಿದ್ದರೆ ಅರ್ಧದಲ್ಲೇ ಮುಗಿಯುತ್ತಿತ್ತು. ಅಂಗಡಿಯವನು ಡಬ್ಬಿಯನ್ನೂ ಮುಂದಿಟ್ಟಿದ್ದ. ನಾನು ಗಾಳಕ್ಕೆ ಹತ್ತು ರೂಪಾಯಿ ಇಳಿಸಿ, ಡಬ್ಬಿ ಬೇಡವೆಂದು, ಆರೂ ಗಾಳಗಳನ್ನು ಟವಲಿನ ಅಂಚಿಗೆ ಚುಚ್ಚಿಕೊಂಡು ಬಸ್ಸು ಹತ್ತಿದೆ. ನಮ್ಮ ಕಡೆ ಎಲ್ಲರೂ ಹಾಗೇ ಮಾಡುವುದು.

ಜೊತೆಗೆ ಬಂದವನು ಗೆಳೆಯ ಮಾದೇವ. ತಾಂಡ್ಯದ ಫ್ಯಾಕ್ಟರಿಯಲ್ಲಿ ಮಷಿನ್ ನಡೆಸುತ್ತಾನೆ. ಮರುದಿನ ಸೋಮವಾರ, ಆರು ಗಂಟೆಯ ಶಿಫ್ಟು. ನರಸೀಪುರದಲ್ಲಿ ಇಡ್ಲಿ ತಿಂದು, ಕಪಿಲೆಯ ದಡ ಹಿಡಿದು ಒಂದು ಮೈಲಿ ನಡೆದೆವು. ಎಳೆ ಬಿಸಿಲು, ನಿಂತಂತಿದ್ದ ನೀರು. ಗಾಳಕ್ಕೆ ಸಿಕ್ಕಿಸಿದ ರಾಗಿಮುದ್ದೆಯ ಉಂಡೆಗೆ ಎರಡು ಜಿಲೇಬಿ ಮೀನು ಸಿಕ್ಕವು. ಮಾದೇವ ಖುಷಿಯಲ್ಲಿ ಕೈ ತೊಳೆದು, ಗಿಡದ ಮೇಲೆ ಹಾಕಿದ್ದ ನನ್ನ ಟವಲನ್ನು ಎಳೆದು ಒರೆಸಿಕೊಂಡ.

"ಅಯ್ಯಪ್ಪಾ!"

ಹೆಬ್ಬೆರಳಿನ ಮೆತ್ತನೆಯ ಭಾಗಕ್ಕೆ ಗಾಳ ಇಳಿದಿತ್ತು. ಟವಲೂ ಅದಕ್ಕೇ ನೇತಾಡುತ್ತಿತ್ತು. ನಾನು ಎಳೆಯಲು ಹೋದೆ.

"ಎಳೀಬ್ಯಾಡ ಕಣಪ್ಪ! ಒಳ್ಗೆ ಹಿಂದ್ಕೆ ಬಾಗಿರೋ ಮುಳ್ಳದೆ. ಮಾಂಸನೂ ಕಿತ್ಕಂಡ್ ಬತ್ತದೆ," ಎಂದು ತೆಪ್ಪದಿಂದ ಕೂಗಿದ್ದು ಪುಟ್ಟಮ್ಮ, ಅಲ್ಲಿ ಬಲೆ ಬಿಟ್ಟು ಮೀನು ಮಾರುವ ಹೆಂಗಸು.

"ಅಕ್ಕಾ, ನಾಳೆ ಮಷಿನ್ ಮುಂದೆ ನಿಂತ್ಕಬೇಕು. ಬೆರ್ಳು ಕೆಟ್ರೆ ಮನೆಗೆ ಕಳುಸ್ಬುಡ್ತಾರೆ," ಎಂದ ಮಾದೇವ.

ಪುಟ್ಟಮ್ಮ ದಡಕ್ಕೆ ಬಂದು ಟವಲನ್ನು ಕತ್ತರಿಸಿ ತೆಗೆದಳು. ಗಾಳದ ಬಾಗಿದ ಜಾಗಕ್ಕೆ ತಂಗೂಸಿ, ಅಂದರೆ ಗಾಳಕ್ಕೆ ಕಟ್ಟುವ ಗಟ್ಟಿ ನೈಲಾನ್ ದಾರ, ಸುತ್ತಿ, ಎರಡೂ ತುದಿಯನ್ನು ಕೈಗೆ ಬಿಗಿದುಕೊಂಡಳು. ಇನ್ನೊಂದು ಕೈಯಿಂದ ಗಾಳದ ಕಡ್ಡಿಯನ್ನು ಚರ್ಮಕ್ಕೆ ಒತ್ತಿ ಹಿಡಿದು, ನನ್ನತ್ತ ತಿರುಗಿದಳು.

"ನನ್ ಮೀನು ಕೆಜಿ ನೂರೈವತ್ತು. ತಗತೀಯಾ?"

"ನೂರಕ್ಕೆ ಕೊಡವ್ವ," ಎಂದೆ. ಬಾಯಿಗೆ ಬಂದದ್ದೇ ಅದು.

"ಲೇ, ನನ್ ಪ್ರಾಣ ಓಯ್ತಾದೆ, ನೀನು ಚೌಕಾಸಿ..." ಎಂದು ಮಾದೇವ ನನ್ನ ಕಡೆ ತಿರುಗಿದ್ದೇ ತಡ, ಪುಟ್ಟಮ್ಮ ತಂಗೂಸಿಯನ್ನು ಫಟ್ಟನೆ ಎಳೆದಳು. ಗಾಳ ಹುಲ್ಲಿನಲ್ಲಿತ್ತು. ಬೆರಳಿನಲ್ಲಿ ಒಂದೇ ಹನಿ ರಕ್ತ.

ಸೋಪು ಹಾಕಿ ತೊಳೆದೆವು. ಆಟೋದಲ್ಲಿ ಆಸ್ಪತ್ರೆಗೆ ಹೋಗಿ ಟಿ.ಟಿ. ಇಂಜೆಕ್ಷನ್ ಹಾಕಿಸಿದೆವು. ಅದಕ್ಕೂ ಮೊದಲು ನಾನು ಪುಟ್ಟಮ್ಮನಿಂದ ಒಂದು ಕೆಜಿ ಮೀನು ಕೊಂಡೆ, ನೂರೈವತ್ತಕ್ಕೇ.

ಸೋಮವಾರ ಆರಕ್ಕೆ ಐದು ನಿಮಿಷವಿದ್ದಾಗ ಫ್ಯಾಕ್ಟರಿ ಗೇಟಿನಿಂದ ಫೋಟೊ ಬಂತು: ಸಣ್ಣ ಪಟ್ಟಿ ಅಂಟಿಸಿದ, ಮೇಲೆತ್ತಿದ ಹೆಬ್ಬೆರಳು.

ನೀವೂ ಹೊರಟರೆ ಕೇಳಿ. ಗಾಳ ಡಬ್ಬಿಯಲ್ಲಿರಲಿ, ಬಟ್ಟೆಯಲ್ಲಿ ಬೇಡ. ಬೀಸುವ ಮುನ್ನ ಹಿಂದೆ ಯಾರಿದ್ದಾರೆ ನೋಡಿ. ಚುಚ್ಚಿಕೊಂಡರೆ ಎಳೆದಾಡಬೇಡಿ. ಪುಟ್ಟಮ್ಮನ ತಂಗೂಸಿ ಉಪಾಯ ಗಾಳ ಮೇಲುಮೇಲೆ ಚುಚ್ಚಿದ್ದರೆ ಮಾತ್ರ ಸರಿ, ಅದೂ ಕೈ ಪಳಗಿದವರಿಗೆ ಮಾತ್ರ. ಕಣ್ಣಿಗೋ ಕೀಲಿಗೋ ಚುಚ್ಚಿದರೆ, ಗಾಯ ಆಳವಾದರೆ ಗಾಳವನ್ನು ಅಲುಗಿಸದೆ ನೇರ ಆಸ್ಪತ್ರೆಗೆ ಹೋಗಿ. ಚೌಕಾಸಿ ಧಾರಾಳವಾಗಿ ಮಾಡಿ, ಡಬ್ಬಿಯೊಂದನ್ನು ಬಿಟ್ಟು.