ಅಣ್ಣನ ಪದ ಮದುವೆ ಮಂಟಪಕ್ಕೆ ಬಂದ ಬಗೆ

ನನ್ನ ದೊಡ್ಡವ್ವ ಮೂಗೂರಿನ ಕಡೆಯವಳು. ನಾಟಿ ಗದ್ದೆಯಲ್ಲಿ ಅವಳು ಒಂದು ಸಾಲು ಹಾಡಿದರೆ, ಜೊತೆಯಲ್ಲಿ ಬಗ್ಗಿ ಪೈರು ನೆಡುತ್ತಿದ್ದ ಹೆಂಗಸರೆಲ್ಲ ಸೊಲ್ಲು ಕೊಡುತ್ತಿದ್ದರು, ಅಂದರೆ ಅದೇ ಸಾಲನ್ನು ಎತ್ತಿಕೊಂಡು ಮತ್ತೆ ಹಾಡುತ್ತಿದ್ದರು. ರಜೆಗೆ ಹೋದಾಗ ನಾನೂ ಬದುವಿನ ಮೇಲೆ ಕೂತು ದನಿಗೂಡಿಸುತ್ತಿದ್ದೆ.

ಅವಳ ಪದಗಳಲ್ಲಿ ನನಗೆ ಪೂರ್ತಿ ಬರುತ್ತಿದ್ದದ್ದು ಅಣ್ಣನ ಪದ ಒಂದೇ. ತಂಗಿಯನ್ನು ತವರಿಗೆ ಕರೆದೊಯ್ಯಲು ಅಣ್ಣ ಬರುತ್ತಾನೆ. ಅವನ ರುಮಾಲು, ಎತ್ತು, ಗಾಡಿಗೆ ಹಾಸಿದ ಜಮಖಾನ ಎಲ್ಲದರ ವರ್ಣನೆಯೂ ಕುಣಿಸುವಂಥದ್ದು. ಆಮೇಲೆ ಅತ್ತೆ, ನಾಟಿ ಮುಗಿಯದೆ ಸೊಸೆಯನ್ನು ಕಳಿಸುವುದಿಲ್ಲ ಅನ್ನುತ್ತಾಳೆ. ಅಣ್ಣ ಬರಿಗಾಡಿ ಹೊಡೆದುಕೊಂಡು ಹಿಂದಿರುಗುತ್ತಾನೆ.

ನಂಜನಗೂಡಿನಲ್ಲಿ ನಾನು ಪಾಠ ಮಾಡುವ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಆ ಪದ ಕಲಿಸಿದ್ದೆ. ಕೀಬೋರ್ಡ್ ನುಡಿಸಲು ಬಂದಿದ್ದವರಿಗೆ ಅದು ಹಿಡಿಸಿತು. ಊರಲ್ಲೇ ಅವರದೊಂದು ಸಣ್ಣ ಸ್ಟುಡಿಯೋ ಇತ್ತು. ಮೂಲ ಹಾಡಿದವರನ್ನೇ ಕರೆತನ್ನಿ ಎಂದರು.

ಗಾಜಿನ ಕೋಣೆಯಲ್ಲಿ ದೊಡ್ಡವ್ವ ಒಂದು ಸಾಲು ಹಾಡಿ ನಿಂತುಬಿಟ್ಟಳು.

"ಸೊಲ್ಲು ಕೊಡೋರಿಲ್ದೆ ಎಂಗವ್ವ ಆಡ್ಲಿ?" ಎಂದು ನನ್ನನ್ನು ಕೇಳಿದಳು.

ನಾನು ಒಳಗೆ ಹೋಗಿ ಪಕ್ಕದಲ್ಲಿ ನಿಂತೆ. ಆಮೇಲೆ ಸರಾಗವಾಯಿತು. ಆದರೆ ಮೂರು ನಿಮಿಷಕ್ಕಿಂತ ಹೆಚ್ಚು ಜನ ಕೇಳುವುದಿಲ್ಲ, ಅಣ್ಣ ಬರುವುದಷ್ಟೇ ಸಾಕು ಎಂದರು ಸ್ಟುಡಿಯೋದವರು. ದೊಡ್ಡವ್ವ ನನ್ನ ಮುಖ ನೋಡಿದಳು. ಅವಳ ದನಿ ನಾಲ್ಕು ಜನಕ್ಕೆ ಕೇಳಲಿ ಎಂಬ ಆಸೆ ನನಗೆ. ಹೂಂ ಎಂದೆ.

ತಮಟೆ, ಡ್ರಮ್ಸ್ ಸೇರಿಸಿ ಯೂಟ್ಯೂಬಿಗೆ ಹಾಕಿದರು. ಮೊದಲು ಆಟೋಗಳಲ್ಲಿ ಕೇಳಿಸಿತು. ಆಮೇಲೆ ರೀಲ್ಸ್‌ಗೆ ಬಂತು. ಮದುಮಗಳ ಅಣ್ಣ ತಮ್ಮಂದಿರು ಮಂಟಪದಲ್ಲಿ ಅದಕ್ಕೆ ಕುಣಿಯುವುದು ಒಂದು ರೂಢಿಯೇ ಆಗಿಹೋಯಿತು.

ಹೋದ ವರ್ಷ ಟಿ. ನರಸೀಪುರದಲ್ಲಿ ಒಂದು ಮದುವೆ. ಹಾಡು ಶುರುವಾದದ್ದೇ ಹುಡುಗಿಯ ಅಣ್ಣ ಹೆಗಲಿಗೆ ಟವೆಲ್ ಹಾಕಿಕೊಂಡು ಕುಣಿದ. ಹಾಡಿದವಳು ಎರಡನೇ ಸಾಲಿನ ಕುರ್ಚಿಯಲ್ಲಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ. ಅರ್ಧ ಪದಕ್ಕೆ ಇಷ್ಟು ಸಂಭ್ರಮವೇ ಎಂದು ನನಗೆ ಸಂಕಟವಾಯಿತು. ಅಂದು ಹೂಂ ಎಂದವಳು ನಾನೇ. ತಪ್ಪು ಮಾಡಿದೆ ಎಂದು ಅವಳಿಗೆ ಹೇಳಿಯೂಬಿಟ್ಟೆ.

ದೊಡ್ಡವ್ವ ಕುಣಿಯುತ್ತಿದ್ದವನ ಮೇಲಿಂದ ಕಣ್ಣು ಕೀಳದೆ ಹೇಳಿದಳು: "ಬುಡವ್ವ. ನಾನು ಆಡ್ದಾಗೆಲ್ಲ ಆ ಅಣ್ಣ ಒಬ್ಬನೇ ವಾಪಸ್ ಓಗವ್ನೆ. ಇಲ್ಲಾದ್ರೂ ನಗ್ತಾ ನಿಂತವ್ನಲ್ಲ."

ಊಟವಾದ ಮೇಲೆ ಮದುಮಗಳು ಕಾಲಿಗೆರಗಲು ಬಂದಾಗ, ಹಾಡಿದವಳು ಇವಳೇ, ಪದ ಇನ್ನೂ ಮುಂದಿದೆ ಎಂದು ನಾನು ತಿಳಿಸಿದೆ. ಮುಂದೇನಾಗುತ್ತದೆ ಎಂದು ಅವಳು ಕೇಳಿದಳು. ಮದುವೆಯ ದಿನ ಬೇಡ, ಮನೆಗೆ ಬಾ ಎಂದಳು ದೊಡ್ಡವ್ವ.

ಬರುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ತಿಂಗಳಾದ ಮೇಲೆ ಒಂದು ಭಾನುವಾರ ಅಣ್ಣನ ಬೈಕಿನಲ್ಲಿ ಬಂದಳು. ದೊಡ್ಡವ್ವ ಜಗಲಿಯಲ್ಲಿ ಕೂತು ಪೂರ್ತಿ ಪದ ಹಾಡಿದಳು. ಬರಿಗಾಡಿ ತಿರುಗುವಲ್ಲಿಗೆ ಬಂದಾಗ, ಮೊಬೈಲ್ ಹಿಡಿದು ರೆಕಾರ್ಡ್ ಮಾಡುತ್ತಿದ್ದ ಆ ಅಣ್ಣ ಅದನ್ನು ಕೆಳಗಿಟ್ಟು ಸುಮ್ಮನೆ ಕೇಳುತ್ತಾ ಕೂತ.