ಆರ್ಡಿಸ್ ಬಾಯಿ ಮುಚ್ಚಿಕೊಂಡ ಚುನಾವಣೆ

ಸೇಂಟ್ ಓಡಿಲ್ ಊರಿನ ಆಂಬುಲೆನ್ಸ್ ಓಡಿಸುವವರಿಗೆ ಇಡೀ ಒಂದು ಚಳಿಗಾಲದ ಸಂಬಳ ಇನ್ನೂ ಬಾಕಿ ಇದೆ. ಹಿಮ ಸುರಿಯುವಾಗ ಎದ್ದು ಹೋಗಿ ಜನರನ್ನು ಹೊತ್ತು ತಂದವರು ಅವರು. ನೋಡೋಣ, ನೋಡೋಣ ಎಂದು ಸಾಗಹಾಕಿದ್ದು ಊರಿನ ಮಂಡಳಿ. ಮಂಡಳಿಯ ಹತ್ತಿರ ದುಡ್ಡಿರಲಿಲ್ಲ ಎಂಬುದೂ ನಿಜವೇ. ನಮ್ಮ ವಿಸ್ಕಾನ್ಸಿನ್‌ನಲ್ಲಿ ರಾಜ್ಯ ಸರ್ಕಾರ ಹಾಕಿದ ಮಿತಿ ಮೀರಿ ತೆರಿಗೆ ಏರಿಸಬೇಕಾದರೆ ಊರಿನ ಮತದಾರರ ಒಪ್ಪಿಗೆ ಬೇಕು. ಹಾಗಾಗಿ ಆ ನವೆಂಬರಿನ ಮತಪತ್ರದಲ್ಲಿ, ದೊಡ್ಡ ದೊಡ್ಡ ಕುರ್ಚಿಗಳಿಗೆ ನಿಂತವರ ಹೆಸರೆಲ್ಲ ಮುಗಿದ ಮೇಲೆ, ಕೆಳಗೆ ಒಂದು ಪ್ರಶ್ನೆ ಬಂದು ಕೂತಿತು: ಆಂಬುಲೆನ್ಸ್ ಉಳಿಸಿಕೊಳ್ಳಲು ಹೆಚ್ಚಿನ ತೆರಿಗೆ ಕೊಡುತ್ತೀರಾ, ಇಲ್ಲವಾ? ಇಲ್ಲ ಎಂದರೆ ಗಾಡಿ ಮಾರಾಟಕ್ಕೆ. ಆಮೇಲೆ ಎದೆ ಹಿಡಿದುಕೊಂಡು ಬಿದ್ದವರು ಪಕ್ಕದ ಜಿಲ್ಲೆಯಿಂದ ಗಾಡಿ ಬರುವವರೆಗೆ ಬಿದ್ದೇ ಇರಬೇಕು.

ಹಾಗೆ ಎದೆ ಹಿಡಿದುಕೊಂಡು ಬಿದ್ದವರಲ್ಲಿ ಆರ್ಡಿಸ್ ಕೊಸ್ಟಿಚ್ಕಾಳ ಗಂಡ ಮೆಲ್ವಿನ್ ಒಬ್ಬ. ಹಿಂದಿನ ಜನವರಿಯಲ್ಲಿ ತಿಂಡಿ ತಿನ್ನುತ್ತಾ ಕೂತವನು ತಟ್ಟೆಯ ಮೇಲೆಯೇ ಮುಖ ಮಾಡಿ ಮಲಗಿಬಿಟ್ಟಿದ್ದ. ಟೋಸ್ಟ್ ತಣ್ಣಗಾಗುವಷ್ಟರಲ್ಲಿ ಆಂಬುಲೆನ್ಸ್ ಬಂತು, ಎದೆಗೆ ಕರೆಂಟು ಕೊಟ್ಟರು, ಮನುಷ್ಯ ಎದ್ದ. ಅರ್ಧ ಗಂಟೆ ತಡವಾಗಿದ್ದರೆ ಆರ್ಡಿಸ್ ಈಗ ವಿಧವೆ. ಮುಂದಿನ ಸಲ ಬಿದ್ದರೆ ಏನು ಗತಿ ಎನ್ನುವುದೊಂದೇ ಅವಳ ತಲೆಯಲ್ಲಿ.

ಆರ್ಡಿಸ್ ಎಂದರೆ ಗಂಟಲು. ಚೀಸ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಾ ಮೂರು ಮುಷ್ಕರ ಕಂಡವಳು. ನೌಕರರ ಸಂಘಗಳ ಕುತ್ತಿಗೆ ಹಿಸುಕುವ ಕಾನೂನು ಬಂದ ವರ್ಷ ರಾಜಧಾನಿಯ ಶಾಸನಸಭೆಯ ಕಲ್ಲುನೆಲದ ಮೇಲೆ ಪ್ರತಿಭಟನೆಗೆ ಹೋದ ನಮ್ಮ ಜೊತೆ ಮಲಗಿ, ಬೆಳಗೆದ್ದು ಕೂಗಿ ಕೂಗಿ, ಕಾವಲು ಪೊಲೀಸನಿಂದಲೇ ಗಂಟಲಿಗೆ ಪೆಪ್ಪರ್‌ಮಿಂಟು ಇಸಿದುಕೊಂಡವಳು. ಅಲ್ಲಿಂದ ಬಂದವಳೇ ಊರಿನಲ್ಲಿ ಡೆಮಾಕ್ರಟರ ಕಡೆಯ ಒಂದು ಬಳಗ ಕಟ್ಟಿದಳು. ಕೊಲ್ಲಿತೀರದ ನೆರೆಹೊರೆ ಎಂದು ಅದರ ಹೆಸರು. ನೆರೆಹೊರೆಯ ಅರ್ಧ ಜನ ಅದರ ಹೆಸರೆತ್ತಿದರೆ ಉಗಿಯುತ್ತಿದ್ದರು, ಆ ಮಾತು ಬೇರೆ.

ಅಂಥವಳು ಆಂಬುಲೆನ್ಸಿನ ವಿಷಯದಲ್ಲಿ ಸುಮ್ಮನಿರುತ್ತಾಳೆಯೇ? ಆಗಸ್ಟಿನಲ್ಲೇ ಡೆಮಾಕ್ರಟರ ಬಣ್ಣವಾದ ನೀಲಿಯಲ್ಲಿ ಬೋರ್ಡು ಅಚ್ಚು ಹಾಕಿಸಿ ಒಪ್ಪಿದವರ ಹುಲ್ಲುಹಾಸಿನಲ್ಲೆಲ್ಲ ನೆಟ್ಟಳು. ಮೇಲೆ ‘ಆಂಬುಲೆನ್ಸ್ ಉಳಿಸಿ’. ಕೆಳಗೆ ಅಷ್ಟೇ ದಪ್ಪಕ್ಷರದಲ್ಲಿ ಬಳಗದ ಹೆಸರು. ಎಡವಟ್ಟಾದದ್ದು ಅಲ್ಲೇ. ಅಲ್ಲಿಯವರೆಗೆ ಆಂಬುಲೆನ್ಸಿಗೆ ಪಕ್ಷವಿರಲಿಲ್ಲ. ನೀಲಿ ಬೋರ್ಡು ನೆಟ್ಟ ವಾರದೊಳಗೆ ಎದುರು ಹುಲ್ಲುಹಾಸುಗಳಲ್ಲಿ ರಿಪಬ್ಲಿಕನ್ನರ ಬಣ್ಣದ ಕೆಂಪು ಬೋರ್ಡು ಎದ್ದವು: ‘ತೆರಿಗೆ ಸಾಕು’. ರಿಪಬ್ಲಿಕನ್ ಕಡೆಯ ದೇಶಪ್ರೇಮಿ ಬಳಗದವರು ರಾತ್ರೋರಾತ್ರಿ ಆಂಬುಲೆನ್ಸಿನ ವೈರಿಗಳಾದರು.

ಆರ್ಡಿಸ್ ಮನೆಮನೆ ಬಾಗಿಲು ತಟ್ಟಿದಳು. ಒಂದು ಮನೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹೆಂಗಸು ಕುಂಟುತ್ತಾ ಬಂದು ಬಾಗಿಲು ತೆಗೆದಳು. ಮೆಟ್ಟಿಲಿನಿಂದ ಬಿದ್ದವಳನ್ನು ಎತ್ತಿಕೊಂಡು ಹೋದದ್ದು ಅದೇ ಆಂಬುಲೆನ್ಸ್. ಗಾಡಿಯವರು ದೇವರಂಥವರು ಎಂದು ಹೊಗಳಿದಳು, ಆರ್ಡಿಸ್ ಕೈಗೆ ಕುಕೀ ಇಟ್ಟಳು, ಆಮೇಲೆ ತನ್ನ ಓಟು ಮಾತ್ರ ‘ಇಲ್ಲ’ಕ್ಕೇ ಎಂದಳು. ಯಾಕೆ ಎಂದರೆ, ಇದು ನಿಮ್ಮವರ ಸಂಗತಿಯಲ್ಲವೇ ಎಂದು ಆರ್ಡಿಸ್‌ಳನ್ನೇ ಕೇಳಿದಳು. ಆರ್ಡಿಸ್ ಕುಕೀ ತಿಂದಳು. ಚೆನ್ನಾಗಿತ್ತು. ಅದರಿಂದ ಇನ್ನೂ ಸಿಟ್ಟು ಬಂತು.

ಸೆಪ್ಟೆಂಬರಿನಲ್ಲಿ ಅಗ್ನಿಶಾಮಕ ದಳದ ಬೂಯಾ ಊಟ. ಕೋಳಿ, ದನದ ಮಾಂಸ, ಆಲೂಗಡ್ಡೆ, ಕೋಸು, ಎಲ್ಲವನ್ನೂ ಸ್ನಾನದ ತೊಟ್ಟಿಯಷ್ಟು ದೊಡ್ಡ ಕೊಪ್ಪರಿಗೆಗೆ ಹಾಕಿ ದೋಣಿಯ ಹುಟ್ಟಿನಿಂದ ತಿರುವುತ್ತಾ ಬೇಯಿಸುವ ಊಟ. ಒಂದು ಕೊಪ್ಪರಿಗೆಗೆ ಇಬ್ಬರು, ಎದುರುಬದುರು. ಹುಟ್ಟು ಹಿಡಿದವರು ಊಟ ಇಳಿಸುವವರೆಗೆ ಬಿಡುವ ಹಾಗಿಲ್ಲ. ಕೈ ನಿಂತರೆ ತಳ ಹಿಡಿಯುತ್ತದೆ, ತಳ ಹಿಡಿದರೆ ಊರು ವರ್ಷವಿಡೀ ಆಡಿಕೊಳ್ಳುತ್ತದೆ. ದೊಡ್ಡ ಕೊಪ್ಪರಿಗೆ ಆರ್ಡಿಸ್‌ಳದು ಮತ್ತು ಕ್ಲೀಟಸ್ ಡೆಲ್ವೋನದು. ಹಾಲಿನ ದನ ಸಾಕುವ ಕ್ಲೀಟಸ್ ದೇಶಪ್ರೇಮಿ ಬಳಗದ ಮುಖಂಡ. ಶಾಸನಸಭೆಯ ಗಲಾಟೆಯ ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಉಪ್ಪು ಬೇಕಾದರೂ ಪಕ್ಕದವರ ಮೂಲಕ ಹೇಳಿಕಳಿಸುತ್ತಿದ್ದರು. ಆದರೆ ಹುಟ್ಟು ಮಾತ್ರ ಇಬ್ಬರೂ ಬಿಟ್ಟುಕೊಟ್ಟಿರಲಿಲ್ಲ.

ಈ ಕ್ಲೀಟಸ್ ಆಂಬುಲೆನ್ಸಿನ ಚಾಲಕನೂ ಹೌದು. ಜನವರಿಯಲ್ಲಿ ಮೆಲ್ವಿನ್‌ಗಾಗಿ ಗಾಡಿ ಓಡಿಸಿಕೊಂಡು ಬಂದವನು ಅವನೇ.

ಬೆಳಗಿನ ಬಿಸಿಲೇರುವ ಹೊತ್ತಿಗೆ, ಪಕ್ಕದವರೆಲ್ಲ ಬಿಯರ್ ಪೀಪಾಯಿ ಉರುಳಿಸಿ ತರಲು ಹೋದಾಗ, ಆರ್ಡಿಸ್ ನೇರ ಅವನಿಗೇ ಹೇಳಿದಳು: “ನಿನ್ ಗಾಡೀನ ನೀನೇ ಮಾರ್ತಿದೀಯಲ್ಲೋ, ನಾಚ್ಕೆ ಆಗಲ್ವಾ?”

ಕ್ಲೀಟಸ್ ಸುತ್ತ ನೋಡಿದ. ಹುಟ್ಟು ಬಿಟ್ಟು ಓಡುವ ಹಾಗಿಲ್ಲ.

“ಮಾರ್ತಿರೋದು ನೀನು ಕಣೇ,” ಎಂದ. “ನಮ್ಮೋರು ಅರ್ಧಕ್ಕರ್ಧ ಹೂಂ ಅನ್ನೋರೇ ಇದ್ರು. ನೀನು ಹೋಗಿ ನಿನ್ ಹೆಸ್ರು ಬರೆದೆ. ನೀನು ಸೂರ್ಯ ಮೂಡ್ಲಿ ಅಂತ ಬೋರ್ಡ್ ಹಾಕಿದ್ರೂ ನಮ್ಮೋರು ಬೇಡ ಅಂತ ಓಟ್ ಒತ್ತಿ ಬರ್ತಾರೆ.”

“ಈಗೇನ್ ಮಾಡ್ಲಿ ಹಂಗಾದ್ರೆ?”

“ಬಾಯ್ ಮುಚ್ಕೊಂಡಿರು.”

“ಎಷ್ಟ್ ದಿನ?”

“ಓಟು ಮುಗಿಯೋ ತನಕ. ಬೋರ್ಡೂ ಕಿತ್ಹಾಕು.”

ಆರ್ಡಿಸ್ ಒಂದು ಸುತ್ತು ತಿರುವಿದಳು. ಮೂಳೆಯೊಂದು ಮೇಲೆ ಬಂದು ಮುಳುಗಿತು. “ನಾನ್ ಮುಚ್ಕೋತೀನಿ,” ಎಂದಳು. “ನೀನು ಬಾಯ್ ಬಿಡ್ಬೇಕು. ಹಿತ್ಲಲ್ಲಿ ಪಿಸುಗುಟ್ಟೋದಲ್ಲ, ನಿಮ್ಮೋರ ಸಭೇಲಿ ಎದ್ ನಿಂತು.”

ಕ್ಲೀಟಸನ ಮುಖದಿಂದ ಬೆವರಿಳಿಯಿತು. ಕೊಪ್ಪರಿಗೆಯ ಬಿಸಿಯದು ಮಾತ್ರವಲ್ಲ. ಉಪ್ಪು ಕಮ್ಮಿಯಾಗಿದೆ ಎಂದು ನೇರ ಅವಳಿಗೇ ಹೇಳಿದ. ಅದನ್ನೇ ಅವಳು ಒಪ್ಪಿಗೆ ಎಂದುಕೊಂಡಳು.

ಅವನ ಬಳಗಕ್ಕಿಂತ ಮೊದಲು ಅವಳ ಬಳಗವೇ ಮೈಮೇಲೆ ಬಿತ್ತು. ಬೋರ್ಡು ಕೀಳುವುದೆಂದರೆ ಶರಣಾಗತಿ ಎಂದ ಒಬ್ಬ ನಿವೃತ್ತ ಮೇಷ್ಟ್ರು. ನಮ್ಮ ಹೋರಾಟದ ಫಲವನ್ನು ಅವರು ತಿನ್ನುತ್ತಾರೆ ಎಂದರು ಇನ್ನೊಬ್ಬರು. ಆರ್ಡಿಸ್ ಕೊನೆಯಲ್ಲಿ ಎದ್ದಳು. “ತಿನ್ಲಿ ಬಿಡ್ರಿ,” ಎಂದಳು. “ನನ್ ಗಂಡ ತಟ್ಟೆ ಮೇಲೆ ಬಿದ್ದಿದ್ದಾಗ ಗಾಡಿ ಯಾರ ಹೋರಾಟದ್ದು ಅಂತ ನಾನ್ ಕೇಳ್ಲಿಲ್ಲ.” ಸಭೆ ಗೊಣಗುತ್ತಲೇ ಒಪ್ಪಿತು. ಮಾರನೇ ದಿನ ಪಿಕಪ್ಪಿನಲ್ಲಿ ತಿರುಗಿ ಬೋರ್ಡುಗಳನ್ನೆಲ್ಲ ಕಿತ್ತು ತಂದು ಕಾರ್ ಶೆಡ್ಡಿಗೆ ತುಂಬಿದಳು.

ಆಮೇಲೆ ಬಾಯಿ ಮುಚ್ಚಿಕೊಂಡಳು. ಹುಟ್ಟಿದಾಗಿನಿಂದ ಅದೇ ಮೊದಲು. ಶುಕ್ರವಾರದ ಮೀನಿನ ಊಟಕ್ಕೆ ಹೋದಾಗ ಪಕ್ಕದ ಮೇಜಿನವನೊಬ್ಬ ತೆರಿಗೆ ರಾಣಿಯ ಬೋರ್ಡು ಎಲ್ಲಿ ಹೋಯಿತು ಎಂದು ಕೆಣಕಿದ. ಅವಳು ಮೀನಿನ ಮುಳ್ಳು ಬಿಡಿಸುತ್ತಾ ಕೂತಳು. ಮೆಲ್ವಿನ್ ಮಾತ್ರ ಸುಖದಲ್ಲಿದ್ದ. “ತಿಂಗ್ಳಿಗೊಂದು ಇಂಥ ಚುನಾವಣೆ ಬಂದ್ರೆ,” ಎಂದ, “ಆಂಬುಲೆನ್ಸ್ ಇಲ್ದೇನೇ ನೂರ್ ವರ್ಷ ಬದುಕ್ತೀನಿ ಕಣೇ.”

ದೇಶಪ್ರೇಮಿಗಳ ಸಭೆ ಅಕ್ಟೋಬರಿನಲ್ಲಿ ನಡೆಯಿತು. ಕ್ಲೀಟಸ್ ಎದ್ದು ನಿಂತು ಟೋಪಿ ಕೈಯಲ್ಲಿ ಹಿಡಿದು ತಿರುಗಿಸಿದ. ನಮ್ಮೂರಿನ ಗಾಡಿ ನಮ್ಮ ಕೈಯಲ್ಲೇ ಇರಬೇಕು, ಪಕ್ಕದ ಜಿಲ್ಲೆಯವರ ಮುಂದೆ ಅಂಗಲಾಚುವವರು ನಾವಲ್ಲ ಎಂದು ಶುರುಮಾಡಿದ. ಹಿಂದಿನಿಂದ ಒಬ್ಬ, ಅಂಗಿ ಕೆಂಪು ಒಳಗೆಲ್ಲ ನೀಲಿ ಎಂದು ಕುಟುಕಿದ. ಜನ ನಕ್ಕರು. ಕ್ಲೀಟಸ್ ತಿರುಗಿ ಅವನನ್ನೇ ನೋಡಿದ.

“ನಿನ್ ಅಪ್ಪನ್ನ ದನದ ಕೊಟ್ಟಿಗೆಯಿಂದ ಹೊತ್ಕೊಂಡ್ ಬಂದೋನು ನಾನು,” ಎಂದ. “ಆವತ್ತು ನನ್ ಒಳಗೆ ಯಾವ್ ಬಣ್ಣ ಇತ್ತು, ಹೋಗಿ ಅವ್ರನ್ನೇ ಕೇಳು.”

ಆ ವಾರ ಕೆಂಪು ಬೋರ್ಡುಗಳು ಒಂದೊಂದಾಗಿ ಮಾಯವಾದವು. ಎಲ್ಲವೂ ಅಲ್ಲ, ಹಟಮಾರಿಗಳು ಎಲ್ಲಿಲ್ಲ?

ಮತ ಎಣಿಸಿದಾಗ ಆಂಬುಲೆನ್ಸ್ ಗೆದ್ದಿತ್ತು, ಕೂದಲೆಳೆಯಲ್ಲಿ. ಅದೇ ಮತಪತ್ರದ ಮೇಲಿನ ಸಾಲುಗಳಲ್ಲಿ ಊರು ಎಂದಿನಂತೆ ನಡುವೆ ಸೀಳಿಕೊಂಡಿತ್ತು. ಕ್ಲೀಟಸನ ಪಕ್ಷದವರು ಹೆಚ್ಚು ಗೆದ್ದಿದ್ದರು. ಮರುದಿನ ಅಂಚೆ ಕಚೇರಿಯ ಎದುರು ಅವನು ಹಲ್ಲು ಕಿಸಿದುಕೊಂಡು ನಿಂತಿದ್ದನ್ನು ಕಂಡು ಆರ್ಡಿಸ್ ಬಾಯಿ ತೆರೆದಳು. ಅಷ್ಟು ದಿನ ಕಟ್ಟಿಟ್ಟದ್ದೆಲ್ಲ ಹೊರಗೆ ಬಂತು: ಅವನ ಗವರ್ನರು, ಅವನ ಟೋಪಿ, ಅವನ ಹಾಲಿನ ದರ. ಅವನೂ ಬಿಡಲಿಲ್ಲ. ಅಂಚೆಯವಳು ಹೊರಗೆ ಬಂದು ಇಬ್ಬರಿಗೂ ಅವರವರ ಕಾಗದ ಕೊಟ್ಟು ಓಡಿಸಬೇಕಾಯಿತು.

ಎರಡು ಬಳಗಗಳೂ ಗೆಲುವು ತಮ್ಮದೇ ಎಂದು ಇವತ್ತಿಗೂ ಹೇಳಿಕೊಳ್ಳುತ್ತವೆ. ಹೇಳಿಕೊಳ್ಳಲಿ. ಮಾರ್ಚಿನಲ್ಲಿ ಮೆಲ್ವಿನ್ ಮತ್ತೆ ಬಿದ್ದ, ಗಾಡಿ ಬಂತು, ಮನುಷ್ಯ ಎದ್ದು ಕೂತು ಹೆಂಡತಿಯ ಗಂಟಲಿನ ಬಗ್ಗೆ ದೂರುತ್ತಿದ್ದಾನೆ.

ಈಗ ನಿಮ್ಮ ಸರದಿ. ನಿಮ್ಮ ಊರಿಗೆ ಬೇಕೇ ಬೇಕಾದ, ಎದುರು ಪಕ್ಷದವನು ಕೇಳಿದ ಎಂಬ ಒಂದೇ ಕಾರಣಕ್ಕೆ ನೀವು ಕಾಲಿನಿಂದ ಒದ್ದ ಒಂದು ಸಂಗತಿ ಇದೆ. ಇಲ್ಲ ಎನ್ನಬೇಡಿ, ಇದೆ. ಅದು ಯಾವುದೆಂದು ಬಾಯಿ ಬಿಟ್ಟು ಹೇಳಿ. ಹೇಳಿದ ಮೇಲೆ ನಾಳೆಯವರೆಗೆ ಕಾಯದೆ ಅವನ ಬಾಗಿಲು ತಟ್ಟಿ.